ಹಿಂಬರಹ ಕೊಡುವ ಲೋಡರ್: ಒಂದು ಕಾಲ್ಪನಿಕ ಸಂದರ್ಶನ

ಮಿಲ್ಲರ್ ಪಕೆಟ್ ಅವರು 1990ರ ದಶಕದಲ್ಲಿ ರೂಪಿಸಿದ, ಬಳಕೆದಾರರ ಬಾಯಲ್ಲಿ ‘ಪಿಡಿ’ ಎನಿಸಿಕೊಂಡಿರುವ ‘ಪ್ಯೂರ್ ಡೇಟಾ’ ತಂತ್ರಾಂಶದಲ್ಲಿ, ಪರದೆಯ ಮೇಲೆ ಚೌಕಗಳನ್ನಿಟ್ಟು ಅವುಗಳನ್ನು ಗೆರೆಗಳಿಂದ ಜೋಡಿಸಿ ಧ್ವನಿಯನ್ನು ಹೊರಡಿಸಲಾಗುತ್ತದೆ. ಅದರಲ್ಲಿ ಮೂಲತಃ ಇಲ್ಲದ ಸೌಲಭ್ಯವನ್ನು ಸಿ ಭಾಷೆಯಲ್ಲಿ ಬರೆದು, ಕಂಪೈಲ್ ಮಾಡಿ, ಅಂದರೆ ಯಂತ್ರವು ನೇರವಾಗಿ ನಡೆಸಬಲ್ಲ ರೂಪಕ್ಕೆ ತಂದು, ಹೊರಗಿನಿಂದ ಸೇರಿಸುವ ಕಡತಕ್ಕೆ ‘ಎಕ್ಸ್‌ಟರ್ನಲ್’ ಎಂದು ಹೆಸರು. ಇತರ ಧ್ವನಿ ತಂತ್ರಾಂಶಗಳ ಪ್ಲಗಿನ್‌ಗಳೂ ಇದೇ ಜಾತಿಯವು. ಈ ಕಡತವನ್ನು ಹುಡುಕಿ ಮೆಮೊರಿಗೆ ತುಂಬುವ ಭಾಗವೇ ಲೋಡರ್. ಅದು ಸೋತಾಗ ಚೌಕದ ಅಂಚು ತುಂಡುಗೆರೆಯಾಗಿ, ಸಂದೇಶಗಳ ಕಿಟಕಿಯಲ್ಲಿ ‘ಕುಡಂಟ್ ಕ್ರಿಯೇಟ್’, ಅಂದರೆ ‘ಸೃಷ್ಟಿಸಲಾಗಲಿಲ್ಲ’ ಎಂಬ ಮಾತು, ಕಾರಣ ಕೊಡದೆ ಅರ್ಜಿಯನ್ನು ಹಿಂದಿರುಗಿಸುವ ಕಚೇರಿಯ ಹಿಂಬರಹದಂತೆ ಮೂಡುತ್ತದೆ. ಆ ಹಿಂಬರಹಕ್ಕೆ ಸಹಿ ಹಾಕುವ ಲೋಡರನ್ನು ಸಂದರ್ಶಿಸಿದಾಗ ದೊರೆತ ಉತ್ತರಗಳು ಅದರ ಅಧಿಕೃತ ಧಾಟಿಯಲ್ಲಿಯೇ ಇಲ್ಲಿವೆ.

ಪ್ರಶ್ನೆ: ಎಲ್ಲ ಅರ್ಜಿಗಳಿಗೂ ಒಂದೇ ಹಿಂಬರಹವೇಕೆ?

ಲೋಡರ್: ಅರ್ಜಿದಾರರು ಕೇಳಿದ್ದು ಸೃಷ್ಟಿಯನ್ನೇ ಹೊರತು ಕಾರಣವನ್ನಲ್ಲ. ‘ವರ್ಬೋಸ್’ ಎಂಬ ಸೂಚನೆಯೊಂದಿಗೆ ಪಿಡಿಯನ್ನು ತೆರೆದವರಿಗೆ, ಮೊದಲು ಪ್ಯಾಚ್, ಅಂದರೆ ಚೌಕ-ಗೆರೆಗಳ ಜೋಡಣೆಯ ಕಡತ, ಇರುವ ಫೋಲ್ಡರು, ಬಳಿಕ ಹುಡುಕಾಟದ ಪಟ್ಟಿಯಲ್ಲಿರುವ ಫೋಲ್ಡರುಗಳು ಎಂಬಂತೆ, ಎಲ್ಲೆಲ್ಲಿ ಯಾವ ಹೆಸರಿನಲ್ಲಿ ಹುಡುಕಲಾಯಿತು ಎಂಬುದನ್ನು ಸಾಲುಸಾಲಾಗಿ ಒದಗಿಸಲಾಗುತ್ತದೆ. ಎಕ್ಸ್‌ಟರ್ನಲ್ ಇರುವ ಫೋಲ್ಡರು ಆ ಪಟ್ಟಿಯಲ್ಲಿಯೇ ಇಲ್ಲದಿದ್ದರೆ ಅದನ್ನು ಸೇರಿಸುವುದು ಅರ್ಜಿದಾರರ ಹೊಣೆ.

ಪ್ರಶ್ನೆ: ಕಡತ ಕಣ್ಣೆದುರಿಗೇ ಇರುವಾಗಲೂ ವಿಂಡೋಸ್ 126ನೆಯ ಸಂಖ್ಯೆಯ ದೋಷವನ್ನು ತೋರಿಸಿ, ನಿರ್ದಿಷ್ಟ ಮಾಡ್ಯೂಲ್ ಸಿಗಲಿಲ್ಲ ಎನ್ನುವುದುಂಟಲ್ಲ?

ಲೋಡರ್: ಸಿಗದಿರುವುದು ಆ ಕಡತವೇ ಆಗಿರಬೇಕಿಲ್ಲ, ಅದು ನೆಚ್ಚಿಕೊಂಡಿರುವ ಮತ್ತೊಂದು ಲೈಬ್ರರಿ, ಅಂದರೆ ಹಲವು ಕಾರ್ಯಕ್ರಮಗಳು ಹಂಚಿಕೊಂಡು ಬಳಸುವ ಸಂಕೇತಗಳ ಕಡತ, ಇಲ್ಲದಿದ್ದರೂ ಇದೇ ಮಾತು ಬರುತ್ತದೆ. ಕಂಪೈಲ್ ಮಾಡಿದವರ ಯಂತ್ರದಲ್ಲಿ ಆ ಲೈಬ್ರರಿ ಮೊದಲೇ ಇರುವುದರಿಂದ ಅವರಿಗೆ ಕೊರತೆಯ ಸುಳಿವು ಸಿಗುವುದಿಲ್ಲ, ಪಡೆದವರಿಗೆ ಕೊರತೆಯ ಹೆಸರೇ ತಿಳಿಯುವುದಿಲ್ಲ. ಯಾವ ಲೈಬ್ರರಿ ಬೇಕಾಗಿದೆ ಎಂಬುದನ್ನು ಲಿನಕ್ಸಿನಲ್ಲಿ ‘ಎಲ್‌ಡಿಡಿ’, ಮ್ಯಾಕ್‌ನಲ್ಲಿ ‘ಓಟೂಲ್’ ಎಂಬ ಆದೇಶಗಳು ತಿಳಿಸುತ್ತವೆ.

(ಲೋಡರಿನ ಎಲ್ಲ ಮಾತುಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ‘ಮಾಡ್ಯೂಲ್ ಸಿಗಲಿಲ್ಲ’ ಎಂಬುದೇ ಎನ್ನಬೇಕು, ಇರುವ ಕಡತವನ್ನೇ ಅಳಿಸಿ ಮತ್ತೆ ಮತ್ತೆ ಹಾಕುವವರು ಈ ವಾಕ್ಯವನ್ನು ಅಕ್ಷರಶಃ ನಂಬಿದ ಸಜ್ಜನರು.)

ಪ್ರಶ್ನೆ: 64 ಬಿಟ್ಟಿನ ಹೊಸ ಯಂತ್ರವನ್ನೇ ಕೊಂಡವರಿಗೂ ತಿರಸ್ಕಾರ ತಪ್ಪಿಲ್ಲವೆಂಬ ದೂರಿದೆ.

ಲೋಡರ್: ಹೊಂದಬೇಕಾದದ್ದು ಯಂತ್ರದೊಂದಿಗೆ ಅಲ್ಲ, ನಡೆಯುತ್ತಿರುವ ಪಿಡಿಯೊಂದಿಗೆ. 32 ಬಿಟ್ಟಿನ ಎಕ್ಸ್‌ಟರ್ನಲ್ 64 ಬಿಟ್ಟಿನ ಪಿಡಿಯೊಳಗೆ ಬರಲಾರದು, ಆಗ ವಿಂಡೋಸ್ ಕೊಡುವ ಸಂಖ್ಯೆ 193. 2020ರಲ್ಲಿ ಆ್ಯಪಲ್ ತನ್ನದೇ ಚಿಪ್ ಇರುವ ಮ್ಯಾಕ್‌ಗಳನ್ನು ತಂದ ಮೇಲೆ, ಇಂಟೆಲ್‌ಗೆಂದು ಕಂಪೈಲ್ ಆದ ಪಿಡಿಯು ‘ರೊಸೆಟ್ಟಾ’ ಎಂಬ ಅನುವಾದಕದ ನೆರವಿನಿಂದ ಅದೇ ಯಂತ್ರದಲ್ಲಿ ನಡೆಯುತ್ತಿದ್ದರೆ, ಹೊಸ ಚಿಪ್ಪಿಗೆಂದೇ ಸಿದ್ಧಪಡಿಸಿದ ಎಕ್ಸ್‌ಟರ್ನಲ್ ಕೂಡ ಅಲ್ಲಿ ಅನ್ಯವಾಗುತ್ತದೆ.

ಪ್ರಶ್ನೆ: ಎಲ್ಲವೂ ಹೊಂದಿದ ಕಡತದ ಹೆಸರನ್ನಷ್ಟೇ ಬದಲಿಸಿದರೆ ಆಕ್ಷೇಪವೇನು?

ಲೋಡರ್: ಹೆಸರು ದಾಖಲೆಯ ವಿಷಯ. ‘ತಂಬೂರಿ~’ ಎಂಬ ಎಕ್ಸ್‌ಟರ್ನಲ್ ಬಂದಿತೆನ್ನೋಣ. ಟಿಲ್ಡೆ ಎಂಬ ಆ ಬಾಲವು ಧ್ವನಿಸಂಕೇತವನ್ನು ಸಂಸ್ಕರಿಸುವ ಚೌಕದ ಗುರುತು. ಕಡತವನ್ನು ತೆರೆದ ಲೋಡರ್ ಅದರೊಳಗೆ ‘ತಂಬೂರಿ_ಟಿಲ್ಡೆ_ಸೆಟಪ್’ ಎಂಬ ಫಂಕ್ಷನ್ನನ್ನು, ಅದಿಲ್ಲದಿದ್ದರೆ ಬರಿಯ ‘ಸೆಟಪ್’ ಎಂಬುದನ್ನು ಹುಡುಕುತ್ತದೆ. ಹೊರಗಿನ ಹೆಸರನ್ನು ‘ಹೊಸತಂಬೂರಿ~’ ಎಂದು ತಿದ್ದಿದವರು ಒಳಗಿನದನ್ನು ತಿದ್ದಿರುವುದಿಲ್ಲ. ಸಿ ಪ್ಲಸ್ ಪ್ಲಸ್ ಕಂಪೈಲರಂತೂ ಫಂಕ್ಷನ್ನಿನ ಹೆಸರಿಗೆ ತನ್ನದೇ ಅಕ್ಷರಗಳನ್ನು ಅಂಟಿಸಿಬಿಡುವುದರಿಂದ, ‘ಎಕ್ಸ್‌ಟರ್ನ್ ಸಿ’ ಎಂಬ ಘೋಷಣೆಯಿಂದ ಅದನ್ನು ತಡೆಯದಿದ್ದರೆ, ಮೂಲದಲ್ಲಿ ಸರಿಯಾಗಿ ಬರೆದ ಹೆಸರೂ ಕಡತದಲ್ಲಿ ಸಿಗುವುದಿಲ್ಲ.

ಪ್ರಶ್ನೆ: ಸ್ವಂತ ಮ್ಯಾಕ್‌ನಲ್ಲಿ ಕಂಪೈಲ್ ಮಾಡಿದ್ದು ನಡೆಯುತ್ತದೆ, ಬ್ರೌಸರಿನಿಂದ ಇಳಿಸಿಕೊಂಡದ್ದು ನಡೆಯುವುದಿಲ್ಲ. ಇದು ಪಕ್ಷಪಾತವಲ್ಲವೇ?

ಲೋಡರ್: ಇಳಿಸಿಕೊಂಡ ಕಡತಕ್ಕೆ ‘ಕ್ವಾರಂಟೈನ್’ ಗುರುತು ಹಚ್ಚುವುದು ಬೇರೆ ಇಲಾಖೆ. ಆ ಬಗ್ಗೆ ಇಲ್ಲಿ ವಿಚಾರಿಸುವಂತಿಲ್ಲ.

ಪ್ರಶ್ನೆ: ದೋಷವನ್ನು ತಿದ್ದಿ, ಮತ್ತೆ ಕಂಪೈಲ್ ಮಾಡಿ, ಅದೇ ಜಾಗದಲ್ಲಿಟ್ಟರೂ ಹಳೆಯ ಎಕ್ಸ್‌ಟರ್ನಲ್ಲೇ ಕೆಲಸ ಮಾಡುತ್ತಿರುವುದಕ್ಕೆ ಏನು ಸಮಜಾಯಿಷಿ?

ಲೋಡರ್: ಒಮ್ಮೆ ಮೆಮೊರಿಗೆ ಬಂದ ಎಕ್ಸ್‌ಟರ್ನಲ್ ಪಿಡಿ ಮುಚ್ಚುವವರೆಗೆ ಹುದ್ದೆಯಲ್ಲಿ ಮುಂದುವರಿಯುತ್ತದೆ, ಡಿಸ್ಕಿನಲ್ಲಿರುವ ಹೊಸ ಕಡತದ ಕಡೆಗೆ ಅಲ್ಲಿಯವರೆಗೆ ಯಾರೂ ತಿರುಗಿಯೂ ನೋಡುವುದಿಲ್ಲ. ಪಿಡಿಯನ್ನು ಮುಚ್ಚಿ ಮತ್ತೆ ತೆರೆಯತಕ್ಕದ್ದು.

ಸಂದರ್ಶಕರು ಈ ಸಲಹೆಯನ್ನು ಕೂಡಲೇ ಪಾಲಿಸಿದ್ದರಿಂದ, ಉಳಿದ ಪ್ರಶ್ನೆಗಳಿಗೆ ಉತ್ತರ ಕೊಡಲು ಲೋಡರ್ ಲಭ್ಯವಿರಲಿಲ್ಲ. ಪಿಡಿ ಮತ್ತೆ ತೆರೆದಾಗ ಬಂದ ಹೊಸ ಲೋಡರ್, ಹಿಂದಿನವರು ಕೊಟ್ಟ ಹೇಳಿಕೆಗಳ ಕಡತ ತನ್ನ ಬಳಿ ಇಲ್ಲವೆಂದು ತಿಳಿಸಿತು.