ಬಿಫೋರ್ ಇಲ್ಲದ ಆಫ್ಟರ್

ನಮ್ಮ ಬಡಾವಣೆಯ ಕೆರೆ ಏರಿಯ ಮೇಲೆ ಬೆಳಿಗ್ಗೆ ಆರೂವರೆಗೆ ಒಬ್ಬರು ಕಸ ಹುಡುಕುತ್ತಾ ಓಡಾಡುತ್ತಿರುತ್ತಾರೆ. ಎತ್ತಿಹಾಕಲಿಕ್ಕಲ್ಲ, ಫೋಟೋ ತೆಗೆಯಲಿಕ್ಕೆ. ಪೌರಕಾರ್ಮಿಕರು ಆಗಲೇ ಗುಡಿಸಿಹೋಗಿದ್ದರೆ ಪಾಪ, ಅವರ ಮುಖ ಸಪ್ಪಗಾಗುತ್ತದೆ. “ಬಿಫೋರ್ ಇಲ್ಲದೆ ಆಫ್ಟರ್ ಹೇಗೆ ಹಾಕೋದು ಸಾರ್?”

ನಾವೆಲ್ಲ ಅವರನ್ನು ಫೌಂಡರ್ ಸಾಹೇಬರು ಎನ್ನುತ್ತೇವೆ. ಅವರ ಸಂಸ್ಥೆಯ ಹೆಸರನ್ನು ಬರೆದು ಪ್ರಯೋಜನವಿಲ್ಲ. ಇದು ಅಚ್ಚಾಗುವಷ್ಟರಲ್ಲಿ ಬದಲಾಗಿರುತ್ತದೆ. ಮೊದಲನೆಯ ಹೆಸರು ಸಂಸ್ಕೃತದ್ದು, ಎರಡನೆಯದು ಇಂಗ್ಲಿಷಿನದು. ಈಗಿನದರಲ್ಲಿ ಸ್ವರಗಳೇ ಇಲ್ಲ, ಹೇಳಹೊರಟವರು ಸೀನಿದ ಹಾಗೆ ಕೇಳಿಸುತ್ತದೆ.

ಲೋಗೋ ಎಂದರೆ ಅವರಿಗೆ ಕುಲದೇವರು. ಸಿಕ್ಕವರಿಗೆಲ್ಲ ಪಾಂಡಾ ಪುರಾಣ ಹೇಳುತ್ತಾರೆ. ವರ್ಲ್ಡ್ ವೈಲ್ಡ್‌ಲೈಫ್ ಫಂಡ್ 1961ರಲ್ಲಿ ಹುಟ್ಟಿದಾಗ ಪೀಟರ್ ಸ್ಕಾಟ್ ಪಾಂಡಾವನ್ನೇ ಆರಿಸಿಕೊಂಡದ್ದು ಏಕೆ? ಮುದ್ದಾಗಿದೆ, ಅಳಿವಿನ ಅಂಚಿನಲ್ಲಿದೆ ಎಂಬುದು ಸರಿ. ಜೊತೆಗೆ ಕಪ್ಪು-ಬಿಳುಪಾದ್ದರಿಂದ ಮುದ್ರಣದ ಖರ್ಚೂ ಉಳಿತಾಯ. ಮಿತವ್ಯಯದ ಈ ಕಥೆಯನ್ನು ಕಣ್ಣರಳಿಸಿ ಹೇಳಿ ಮುಗಿಸಿ ತಮ್ಮ ಲೋಗೋ ತೋರಿಸುತ್ತಾರೆ. ಅದರಲ್ಲಿ ಒಂದು ಎಲೆ, ಒಂದು ಹನಿ, ಎರಡು ಅಂಗೈ, ನಡುವೆ ಮಗು, ಹಿಂದೆ ಸೂರ್ಯ, ಒಟ್ಟು ಹನ್ನೊಂದು ಬಣ್ಣ. ದೂರದಿಂದ ನೋಡಿದರೆ ಚಿತ್ರಾನ್ನ.

ಆ ಲೋಗೋದ ಕೆಳಗೆ ‘ಕೆರೆ ಉಳಿಸಿ’ ಎಂದು ಹಾಕಿಸಿ ಇನ್ನೂರು ಟೀಶರ್ಟ್ ಮಾಡಿಸಿದರು. ಕನ್ನಡ ಬಾರದ ಡಿಸೈನರ್ ಕೈಯಲ್ಲಿ ಅದು ‘ಕೆರೆ ಅಳಿಸಿ’ ಆಯಿತು. ಬೆಳಿಗ್ಗೆಯಿಡೀ ಅದನ್ನೇ ತೊಟ್ಟು ಘೋಷಣೆ ಕೂಗಿದರೂ ಒಬ್ಬರಿಗೂ ಗೊತ್ತಾಗಲಿಲ್ಲ. ಸೊಪ್ಪು ಮಾರುವ ಅಜ್ಜಿಯ ಮೊಮ್ಮಗ, ಮೂರನೇ ಕ್ಲಾಸಿನವನು, ಗಟ್ಟಿಯಾಗಿ ಓದಿದ ಮೇಲೆ ಗೊತ್ತಾಯಿತು. ಕೆರೆಯಂಗಳಕ್ಕೆ ಮಣ್ಣು ಸುರಿದು ಸೈಟು ಮಾಡಿದ ಮಹನೀಯರಿಗೆ ಒಂದೊಂದು ಕೊಟ್ಟಿದ್ದರೆ ಚೆನ್ನಾಗಿ ಒಪ್ಪುತ್ತಿತ್ತು. ಸಾಹೇಬರು ಮಾತ್ರ ಎದೆಗುಂದಲಿಲ್ಲ. ಬೈಯುವವರೆಲ್ಲ ಬಂದು ಕಮೆಂಟ್ ಹಾಕಿದ್ದರಿಂದ ಫೋನು ಬಿಡುವಿಲ್ಲದೆ ಟಿಣ್ ಟಿಣ್ ಎನ್ನುತ್ತಿತ್ತು. “ಎಂಗೇಜ್‌ಮೆಂಟ್ ನೋಡಿ ಸಾರ್!”

ಪ್ರಚಾರವೇ ಪಾಪ ಎನ್ನುವವನು ನಾನಲ್ಲ. 2014ರಲ್ಲಿ ಅಮೆರಿಕದವರು ತಲೆಯ ಮೇಲೆ ಐಸ್ ನೀರು ಸುರಿದುಕೊಂಡಾಗ ಎಎಲ್ಎಸ್ ಅಸೋಸಿಯೇಷನ್‌ಗೆ ಸುಮಾರು ಹನ್ನೊಂದೂವರೆ ಕೋಟಿ ಡಾಲರ್ ಬಂತು. ಅದರಲ್ಲಿ ಬಹುಪಾಲು ಎಎಲ್ಎಸ್ ಎಂಬ ಆ ನರರೋಗದ ಸಂಶೋಧನೆಗೇ ಹೋಯಿತು. ಅದೇ ವರ್ಷ ಹೈದರಾಬಾದಿನ ಪತ್ರಕರ್ತೆಯೊಬ್ಬರು ಐಸ್ ಬದಲು ಅಕ್ಕಿ ಎಂದರು: ತಲೆಗೆ ಸುರಿದುಕೊಳ್ಳುವುದು ಬೇಡ, ಹಸಿದವರಿಗೆ ಒಂದು ಬಕೆಟ್ ಕೊಡಿ. ನಮ್ಮ ಸಾಹೇಬರು ಇವೆರಡನ್ನೂ ಅಧ್ಯಯನ ಮಾಡಿ ‘ಕೆಸರು ಚಾಲೆಂಜ್’ ಹೂಡಿದರು. ಕೆರೆಯ ಹೂಳನ್ನು ಕೆನ್ನೆಗೆ ಬಳಿದುಕೊಂಡು ಮೂವರನ್ನು ಟ್ಯಾಗ್ ಮಾಡಬೇಕು. ಬೆಂಗಳೂರಿನ ಕೆರೆಯ ಹೂಳಿನಲ್ಲಿ ಏನೇನಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆ ವಾರ ಚರ್ಮದ ಡಾಕ್ಟರ ಹತ್ತಿರ ಟೋಕನ್ ಸಿಗಲಿಲ್ಲ. ಸಾಹೇಬರ ಕೆನ್ನೆ ಮಾತ್ರ ಮೊದಲಿಗಿಂತ ಫಳಫಳ. ಅದು ಮುಲ್ತಾನಿ ಮಿಟ್ಟಿ ಎಂದು ಅವರ ಮನೆಯವರೇ ನನ್ನ ಹೆಂಡತಿಗೆ ಹೇಳಿದರು.

ಮಾರ್ಚ್ ಬಂತೆಂದರೆ ಅವರಿಗೆ ಸುಗ್ಗಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕಲ್ಲ. ವರ್ಷಾಂತ್ಯಕ್ಕೆ ಉಳಿದದ್ದು ಕೈಗೆ ಬರುತ್ತದೆಂಬ ಆಸೆಯಲ್ಲಿ ಪಿಪಿಟಿ ಹಿಡಿದು ಅಲೆಯುತ್ತಾರೆ. ಅದರ ಫಲಾನುಭವಿಗಳ ಲೆಕ್ಕದಲ್ಲಿ ಕೆರೆ ಸುತ್ತ ವಾಕಿಂಗ್ ಮಾಡುವವರೆಲ್ಲ ಇದ್ದೇವೆ. ನಾನು ದಿನಾ ಎರಡು ಸುತ್ತು ಹಾಕುವುದರಿಂದ ಇಬ್ಬರು.

ಒಮ್ಮೆ ಸಾಲುಮರದ ತಿಮ್ಮಕ್ಕನವರ ಮಾತು ಬಂತು. ಗಂಡ ಚಿಕ್ಕಯ್ಯನವರ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು, ಹುಲಿಕಲ್–ಕುದೂರು ರಸ್ತೆಯುದ್ದಕ್ಕೂ ಆಲದ ಸಸಿ ನೆಟ್ಟು ಬೆಳೆಸಿದ ತಾಯಿ. ಸಾಹೇಬರು ಗದ್ಗದಿತರಾದರು. “385 ಮರ ಸಾರ್! ಒಂದೇ ಒಂದು ಬಿಫೋರ್ ಫೋಟೋ ಇಲ್ಲ.”

ಕಳೆದ ಜೂನ್ 5, ಪರಿಸರ ದಿನ. ಒಂದು ಹೊಂಗೆ ಸಸಿ, ಏಳು ಜನ. ಮದುವೆಯಲ್ಲಿ ತಾಳಿಯ ತಟ್ಟೆ ಮುಟ್ಟಿ ನಮಸ್ಕರಿಸುವ ಹಾಗೆ ಎಲ್ಲರೂ ಒಂದೊಂದು ಕೈ ತಾಗಿಸಿ ನಿಂತರು. ಡ್ರೋನ್ ಗೊರ್ರೆನ್ನುತ್ತಾ ಮೇಲೇರಿತು. ಮೊದಲ ಸಲ ನೀರು ಹಾಕಿದಾಗ ಬಿಸಿಲು ಎದುರಾಗಿತ್ತು, ಎರಡನೆಯ ಸಲ ನಾಯಿ ಅಡ್ಡ ಬಂತು, ಮೂರನೆಯದು ಓಕೆ ಆಯಿತು. ಸಸಿ ಐದೇ ನಿಮಿಷದಲ್ಲಿ ಮೂರು ತಂಬಿಗೆ ನೀರು ಕುಡಿಯಿತು. ಆಮೇಲೆ ಅದಕ್ಕೆ ಸಿಕ್ಕದ್ದು ಮಳೆ ನೀರು ಮಾತ್ರ, ಮಳೆ ಬಂದ ದಿನ. ಫೆಬ್ರವರಿಯಲ್ಲಿ ಒಣಗಿತು. ಗುಂಡಿಯನ್ನು ಈ ವರ್ಷಕ್ಕೆಂದು ಹಾಗೇ ಬಿಟ್ಟಿದ್ದಾರೆ.

ಫೋಟೋ ಇನ್ನೂ ಅವರ ಪೇಜಿನಲ್ಲಿದೆ. ಎಡದಿಂದ ಐದನೆಯ ಕೈ ನನ್ನದು.