ಯಾವ ಹಾಡು ಕಳಿಸೋಣ?

"ಅಲ್ಲ ಕಣಪ್ಪ, ಒಂದು ಹಾಡು ಆರಿಸೋಕೆ ಆರು ಶನಿವಾರ ಬೇಕಾ? ಆ ಜನಕ್ಕೆ ಬೇರೆ ಬದುಕಿಲ್ವಾ?"

ನಾನು ತೆಂಗಿನ ಪಾತಿ ಬಿಡಿಸುತ್ತಿದ್ದೆ. ಬೇಲಿಯ ಆಚೆ ದೊಡ್ಡಮ್ಮ. ನಮ್ಮ ದೇವನೂರಿನಲ್ಲಿ ದೊಡ್ಡಮ್ಮ ಬೇಲಿಗೆ ಬಂದು ನಿಂತರೆ ಕೆಲಸಕ್ಕೆ ಅವತ್ತು ರಜ. ಗುದ್ದಲಿ ಕೆಳಗಿಟ್ಟು ಹತ್ತಿರ ಹೋದೆ. ಅವರ ಮೊಮ್ಮಗ ಸ್ವೀಡನ್ನಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಹಿಂದಿನ ರಾತ್ರಿ ವೀಡಿಯೋ ಕಾಲ್ ಮಾಡಿ, ಅಲ್ಲಿ ಊರಿಗೆ ಊರೇ ಟಿವಿ ಮುಂದೆ ಕೂತು ಹಾಡಿಗೆ ಓಟು ಹಾಕುತ್ತಿದೆ ಎಂದು ತೋರಿಸಿದ್ದಾನೆ. ಅದು ಅಜ್ಜಿಯ ನಿದ್ದೆ ಕೆಡಿಸಿದೆ.

"ಯೂರೋವಿಷನ್ ಅಂತ ಒಂದು ಸ್ಪರ್ಧೆ ದೊಡ್ಡಮ್ಮ. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊ ಅನ್ನೋ ಊರಲ್ಲಿ ಏಳೇ ದೇಶ ಸೇರಿ ಶುರು ಮಾಡಿದ್ದು. ಈಗ ದೇಶಕ್ಕೊಂದು ಹಾಡು ಕಳಿಸ್ತಾರೆ. ಹಾಡು ಮೂರು ನಿಮಿಷ ದಾಟಂಗಿಲ್ಲ. ವೇದಿಕೆ ಮೇಲೆ ಆರು ಜನಕ್ಕಿಂತ ಜಾಸ್ತಿ ಇರಂಗಿಲ್ಲ."

"ಮೂರು ನಿಮಿಷಾನಾ? ನಮ್ಮ ಭಜನೆಯೋರು ಅಷ್ಟೊತ್ತಿಗೆ ಹಾರ್ಮೋನಿಯಂ ಸುರುತೀನೂ ಹಿಡಿದಿರಲ್ಲ."

ಅದೇನೋ ನಿಜ. ಆದರೆ ದೊಡ್ಡಮ್ಮನಿಗೆ ಬೇಕಿದ್ದದ್ದು ಆರು ಶನಿವಾರದ ಲೆಕ್ಕ. ನನಗೆ ತಿಳಿದಷ್ಟು ಹೇಳಿದೆ. ಯಾವ ಹಾಡು ಕಳಿಸಬೇಕೆಂಬುದು ಆಯಾ ದೇಶದ ಟಿವಿ ಸಂಸ್ಥೆಯ ತಲೆನೋವು. ಕೆಲವರು ಬಾಗಿಲು ಹಾಕಿಕೊಂಡು, ನಾಲ್ಕು ಜನ ಕೂತು, ಇಂಥವರು ಇಂಥ ಹಾಡು ಹಾಡಲಿ ಎಂದು ತೀರ್ಮಾನಿಸಿ ಬಾಗಿಲು ತೆಗೆಯುತ್ತಾರೆ. ಸ್ವೀಡನ್ನಿನವರದು ಜಾತ್ರೆಯ ದಾರಿ. ಅವರ ಆಯ್ಕೆಯ ಹಬ್ಬಕ್ಕೆ ಮೆಲೋಡಿಫೆಸ್ಟಿವಾಲೆನ್ ಎಂದು ಹೆಸರು. ವಾರಕ್ಕೊಂದು ಊರಿನಲ್ಲಿ ಸುತ್ತು, ಕೊನೆಗೆ ಸ್ಟಾಕ್‌ಹೋಮ್ ಕಡೆ ಫೈನಲ್. ಆ್ಯಪ್‌ನಲ್ಲಿ ಓಟು ಹಾಕುವವರನ್ನು 2019ರಿಂದ ವಯಸ್ಸಿನ ಮೇಲೆ ಏಳು ಗುಂಪು ಮಾಡಿದ್ದಾರೆ. ಮೂರರಿಂದ ಒಂಬತ್ತು ವರ್ಷದ ಮಕ್ಕಳದು ಮೊದಲನೇ ಗುಂಪು, ಎಪ್ಪತ್ತೈದು ದಾಟಿದವರದು ಕೊನೆಯದು. ಫೋನ್ ಮಾಡಿ ಓಟು ಹಾಕುವವರದು ಎಂಟನೆಯ ಗುಂಪು. ಯಾವ ಗುಂಪಿನಲ್ಲಿ ಎಷ್ಟೇ ಜನ ಇರಲಿ, ಕೈಯಲ್ಲಿರುವ ಅಂಕ ಎಲ್ಲರಿಗೂ ಸಮ.

ದೊಡ್ಡಮ್ಮನ ಮುಖ ಅರಳಿತು. "ಅಂದ್ರೆ ನನ್ನಂಥ ಮುದುಕೀರು ಹತ್ತೇ ಜನ ಇದ್ರೂ ಈ ಹುಡುಗರ ಗುಂಪಿನಷ್ಟೇ ತೂಕನಾ?"

"ಅಷ್ಟೇ ತೂಕ."

"ಒಳ್ಳೇ ದೇಶ ಕಣೋ ಅದು. ಹುಡುಗ ಅಲ್ಲೇ ಇರ್ಲಿ ಬಿಡು."

ಆದರೆ ಮುಂದಿನ ಮಾತು ಅವರಿಗೆ ಅಷ್ಟು ಹಿಡಿಸಲಿಲ್ಲ. ಫೈನಲ್‌ನಲ್ಲಿ ಅರ್ಧ ಅಂಕ ಮಾತ್ರ ಸ್ವೀಡನ್ನಿನ ಜನರದು. ಉಳಿದರ್ಧ ಬೇರೆ ಬೇರೆ ದೇಶಗಳ ತೀರ್ಪುಗಾರರದು.

"ನಮ್ಮನೆ ಹಾಡು ಆರಿಸೋಕೆ ಹೊರಗಿನೋರು ಯಾಕಪ್ಪ?" ಎಂದವರು, ನಾನು ಬಾಯಿ ತೆರೆಯುವ ಮೊದಲೇ ತಾವೇ ಉತ್ತರ ಹುಡುಕಿಕೊಂಡರು. ತವರಿನ ಕಡೆ ಅಮೃತಮಹಲ್ ದನ ಕಂಡು ಬೆಳೆದವರು ಅವರು. "ಹೌದು ಬಿಡು. ಹೋರಿ ಮಾರೋಕೆ ಹೊರಟಾಗ ಮನೆಯೋರ ಕಣ್ಣು ನಂಬಬಾರ್ದು. ಮನೇಲಿ ಹುಟ್ಟಿದ್ದು, ಹೆಸರಿಟ್ಟಿದ್ದು, ಬೆಲ್ಲ ತಿನ್ಸಿದ್ದು, ಎಲ್ಲಾ ಚೆಂದವಾಗೇ ಕಾಣುತ್ತೆ. ಕೊಳ್ಳೋನು ನೋಡೋದು ಕೊಂಬು, ಗೊರಸು, ನಡಿಗೆ."

ಸ್ವೀಡನ್ನಿನ ಟಿವಿಯವರು ಇದಕ್ಕಿಂತ ಚೆನ್ನಾಗಿ ವಿವರಿಸಿದ್ದನ್ನು ನಾನು ಕೇಳಿಲ್ಲ.

ಅಷ್ಟಾಗಿಯೂ ಆರಿಸುವವರ ಕಣ್ಣು ತಪ್ಪುವುದುಂಟು. 1973ರಲ್ಲಿ ಅಲ್ಲಿನ ನಾಲ್ವರ ತಂಡವೊಂದು ಈ ಆಯ್ಕೆಗೆ ಬಂದಾಗ ತೀರ್ಪುಗಾರರು ಮೂರನೇ ಸ್ಥಾನ ಕೊಟ್ಟು ಮನೆಗೆ ಕಳಿಸಿದರು. ಮರುವರ್ಷ ಅದೇ ತಂಡ ಆಯ್ಕೆಯಲ್ಲಿ ಗೆದ್ದು, ಇಂಗ್ಲೆಂಡಿನ ಬ್ರೈಟನ್ನಿಗೆ ಹೋಗಿ, ಯೂರೋವಿಷನ್ನನ್ನೂ ಗೆದ್ದಿತು. ಅದೇ ಆಬಾ ತಂಡ, ಹಾಡು 'ವಾಟರ್‌ಲೂ'. ಇಟಲಿಯವರದು ಇನ್ನೊಂದು ಕತೆ. ಅವರ ಸಾನ್‌ರೆಮೊ ಹಾಡಿನ ಹಬ್ಬ 1951ರದು, ಯೂರೋವಿಷನ್‌ಗಿಂತ ಹಳೆಯದು. ಅಲ್ಲಿ ಗೆದ್ದವರನ್ನು ಹೋಗುತ್ತೀರಾ ಎಂದು ಮೊದಲು ಕೇಳುತ್ತಾರೆ. 2025ರಲ್ಲಿ ಗೆದ್ದ ಹುಡುಗ ಒಲ್ಲೆ ಎಂದ, ಎರಡನೆಯವನು ಹೋದ. 1958ರಲ್ಲಿ ಅಲ್ಲಿಂದ ಹೋದ ಡೊಮೆನಿಕೊ ಮೊಡುನ್ಯೊನ ಹಾಡಿಗೆ ಯೂರೋವಿಷನ್‌ನಲ್ಲಿ ಸಿಕ್ಕಿದ್ದು ಮೂರನೇ ಸ್ಥಾನ. ಆ ವರ್ಷ ಗೆದ್ದದ್ದು ಫ್ರಾನ್ಸ್. ಗೆದ್ದ ಹಾಡನ್ನು ಈಗ ಜ್ಞಾಪಿಸಿಕೊಳ್ಳುವವರು ಕಡಿಮೆ. ಮೂರನೆಯದು 'ವೊಲಾರೆ' ಎಂಬ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತಿ ಬಂತು.

"ಅದ್ಸರಿ, ನಮ್ಮ ದೇಶದ್ದು ಯಾವ ಹಾಡು ಹೋಗುತ್ತೆ?"

"ನಾವು ಅದ್ರಲ್ಲಿ ಇಲ್ಲ ದೊಡ್ಡಮ್ಮ. ಅದು ಯೂರೋಪಿನ ರೇಡಿಯೋ, ಟಿವಿಯವರ ಒಕ್ಕೂಟದ್ದು. ಆಸ್ಟ್ರೇಲಿಯಾದೋರು 2015ರಿಂದ ಹೋಗ್ತಿದಾರೆ, ಅಷ್ಟೇ."

"ಆಸ್ಟ್ರೇಲಿಯಾ ಯೂರೋಪಲ್ಲೈತಾ?"

"ಇಲ್ಲ."

"ಮತ್ತೆ?" ಎಂದು ನನ್ನನ್ನೇ ದುರುಗುಟ್ಟಿ ನೋಡಿದರು, ನಾನೇ ಅರ್ಜಿ ಹಾಕದೆ ಮಲಗಿದ್ದೆ ಅನ್ನುವ ಹಾಗೆ.

ಅವರನ್ನು ಸಮಾಧಾನ ಮಾಡಲು ನಮ್ಮ ದೇಶವೂ ಒಮ್ಮೆ ಪರದೇಶದ ಸಭೆಗೆ ಹಾಡು ಕೊಡಬೇಕಾಗಿ ಬಂದ ಕತೆ ಹೇಳಿದೆ. 1947, ನ್ಯೂಯಾರ್ಕ್, ವಿಶ್ವಸಂಸ್ಥೆಯ ಮಹಾಸಭೆ. ವಾದ್ಯದವರು ನಮ್ಮ ನಿಯೋಗದ ಬಳಿ ಬಂದು, ನಿಮ್ಮ ರಾಷ್ಟ್ರಗೀತೆ ಕೊಡಿ, ನುಡಿಸುತ್ತೇವೆ ಅಂದರು. ಸ್ವಾತಂತ್ರ್ಯ ಬಂದು ಕೆಲವೇ ತಿಂಗಳು. ಯಾವುದು ರಾಷ್ಟ್ರಗೀತೆ ಎಂದು ಇನ್ನೂ ತೀರ್ಮಾನವೇ ಆಗಿಲ್ಲ. ನಿಯೋಗದವರ ಕೈಯಲ್ಲಿ ಇದ್ದದ್ದು 'ಜನಗಣಮನ'ದ ಒಂದು ಗ್ರಾಮಫೋನ್ ತಟ್ಟೆ. ಅದನ್ನೇ ಕೊಟ್ಟರು. ವಾದ್ಯದವರು ಅಭ್ಯಾಸ ಮಾಡಿ ನುಡಿಸಿದರು. ಸಭೆ ಮೆಚ್ಚಿತು, ಬೇರೆ ದೇಶದವರು ಸ್ವರಲಿಪಿ ಕೇಳಿ ಪಡೆದರು. 1948ರ ಆಗಸ್ಟ್ 25ರಂದು ನೆಹರೂ ಇದನ್ನೆಲ್ಲ ಸಂವಿಧಾನ ಸಭೆಗೆ ತಿಳಿಸಿದರು. ಪ್ರಾಂತಗಳ ಗವರ್ನರುಗಳಿಗೆ ಪತ್ರ ಬರೆದು ಕೇಳಿದಾಗ ಒಬ್ಬರನ್ನು ಬಿಟ್ಟು ಎಲ್ಲರೂ ಒಪ್ಪಿದರೆಂದೂ ಹೇಳಿದರು. ಕಡೆಯ ಘೋಷಣೆ ಆದದ್ದು 1950ರ ಜನವರಿ 24ರಂದು. 'ವಂದೇ ಮಾತರಂ'ಗೂ ಸಮನಾದ ಗೌರವ ಎಂದು ಅವತ್ತೇ ರಾಜೇಂದ್ರ ಪ್ರಸಾದರು ಸಾರಿದರು.

"ಅಂದ್ರೆ ಪೆಟ್ಟಿಗೇಲಿ ಯಾವ ತಟ್ಟೆ ಸಿಕ್ತೋ ಅದೇ ಹೋಯ್ತು ಅನ್ನು."

"ಪೂರಾ ಹಂಗಲ್ಲ. ಆ ಹಾಡು ಆಗಲೇ ಜನರ ಬಾಯಲ್ಲಿತ್ತು. ಆದ್ರೂ ಪೆಟ್ಟಿಗೇಲಿ ಇದ್ದಿದ್ದು ಉಪಕಾರ ಆಯ್ತು."

ಹಾಡು ಆರಿಸಿದ್ದಾಯಿತು, ಇನ್ನು ಧಾಟಿಯ ಮಾತು ಎಂದು ನಾನು ನಾಡಗೀತೆಗೆ ಬಂದೆ. ಇದು ದೊಡ್ಡಮ್ಮನಿಗೆ ಚೆನ್ನಾಗಿ ಗೊತ್ತು. ಶಾಲೆಯ ಮಕ್ಕಳು ಬೆಳಿಗ್ಗೆ ಹಾಡುವುದು ಅವರ ಹಿತ್ತಿಲಿಗೆ ಕೇಳುತ್ತದೆ. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' ನಾಡಗೀತೆಯಾದದ್ದು 2004ರ ಜನವರಿ 6ರಂದು. ಮಾತು ಗೊತ್ತಾಯಿತು, ಧಾಟಿ ಗೊತ್ತಾಗಲಿಲ್ಲ. ಮೈಸೂರು ಅನಂತಸ್ವಾಮಿಯವರದು ಒಂದು ಧಾಟಿ, ಸಿ. ಅಶ್ವತ್ಥ್ ಅವರದು ಇನ್ನೊಂದು. ಇಬ್ಬರೂ ಸುಗಮ ಸಂಗೀತದ ಹಿರಿಯರು, ಇಬ್ಬರಿಗೂ ಶಿಷ್ಯರ ದಂಡು. ಒಂದು ಸಭೆಯಲ್ಲಿ ಒಂದು ಧಾಟಿ, ಪಕ್ಕದ ಸಭೆಯಲ್ಲಿ ಇನ್ನೊಂದು. ಹಾಡುವವರ ಆಲಾಪ ಬೆಳೆದ ಹಾಗೆ ಸಭಿಕರ ಕಾಲು ನೋಯುತ್ತಿತ್ತು. ಸಮಿತಿ ಬಂತು, ಹೋಯಿತು, ಮತ್ತೊಂದು ಬಂತು. ಕೊನೆಗೆ ಗಾಯಕಿ ಎಚ್.ಆರ್. ಲೀಲಾವತಿ ಅವರ ಸಮಿತಿಯ ಶಿಫಾರಸಿನ ಮೇಲೆ 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಅನಂತಸ್ವಾಮಿಯವರ ಧಾಟಿ, ಆಲಾಪ ಇಲ್ಲ, ಸಾಲು ಮತ್ತೆ ಮತ್ತೆ ಹಾಡುವಂತಿಲ್ಲ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಪೂರ್ತಿ ಗೀತೆ.

"ಯೂರೋಪಿನೋರಿಗಿಂತ ಅರ್ಧ ನಿಮಿಷ ಕಮ್ಮೀನೇ ಆಯ್ತಲ್ಲ," ಎಂದು ದೊಡ್ಡಮ್ಮ ಹೆಮ್ಮೆಪಟ್ಟರು.

ಅಲ್ಲಿಗೂ ಮುಗಿಯಲಿಲ್ಲ. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿಯವರು ಹೈಕೋರ್ಟಿಗೆ ಹೋದರು. ವಿಚಾರಣೆಯಲ್ಲಿ ಅವರು ನ್ಯಾಯಮೂರ್ತಿಗಳ ಮುಂದೆ ಹಾಡಿಯೂ ತೋರಿಸಿದರು. 2024ರಲ್ಲಿ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರು ಅರ್ಜಿ ವಜಾ ಮಾಡಿ ಸರ್ಕಾರದ ಆದೇಶವನ್ನೇ ಉಳಿಸಿದರು.

"ಕೋರ್ಟಲ್ಲಿ ಹಾಡಿದ್ರಾ! ನಾನು ಇರಬೇಕಿತ್ತು ನೋಡು," ಎಂದು ನಕ್ಕ ದೊಡ್ಡಮ್ಮ ಆಮೇಲೆ ಗಂಭೀರರಾದರು. "ಅಲ್ಲ ಕಣಪ್ಪ, ಒಂದೇ ಪದಕ್ಕೆ ಎರಡು ಧಾಟಿ ಇದ್ರೆ ಜಗಳ ಯಾಕೆ? ನಮ್ಮೂರಲ್ಲಿ ಜೈಮಿನಿ ಓದಿಸುವಾಗ ಎಂದಾದ್ರೂ ಜಗಳ ಆಗೈತಾ?"

ಈ ಮಾತು ನನ್ನನ್ನು ನಿಲ್ಲಿಸಿತು. ಲಕ್ಷ್ಮೀಶನ ಜೈಮಿನಿ ಭಾರತ ಮೂವತ್ತನಾಲ್ಕು ಸಂಧಿ, ಅಷ್ಟೂ ವಾರ್ಧಕ ಷಟ್ಪದಿ. ಪದ್ಯದ ನಡೆ ಒಂದೇ, ರಾಗಕ್ಕೆ ಕಟ್ಟಿಲ್ಲ. ಸೀತೆಯನ್ನು ಕಾಡಿಗೆ ಬಿಟ್ಟುಬರುವ ಭಾಗವನ್ನು ಒಬ್ಬ ಗಮಕಿ ಮುಖಾರಿಯಲ್ಲಿ ಓದಿದರೆ ಇನ್ನೊಬ್ಬರು ಶಿವರಂಜನಿ ಹಿಡಿದಾರು. ಬಭ್ರುವಾಹನ ಕಾಳಗಕ್ಕೆ ನಿಂತಾಗ ದನಿಯೂ ಬೇರೆ, ರಾಗವೂ ಬೇರೆ. ಕೇಳುವವರು ಎರಡನ್ನೂ ತಲೆದೂಗಿ ಕೇಳುತ್ತಾರೆ. ಯಾವುದು ಅಧಿಕೃತ ಎಂದು ಯಾರೂ ಕೇಳಿದ್ದಿಲ್ಲ.

ಹಾಗಾದರೆ ಸರ್ಕಾರಕ್ಕೆ ಯಾಕೆ ಒಂದೇ ಧಾಟಿ ಬೇಕಾಯಿತು? ಗಮಕದಲ್ಲಿ ಹಾಡುವವರು ಒಬ್ಬರು, ಕೇಳುವವರು ನೂರು. ಶಾಲೆಯ ಅಂಗಳದಲ್ಲಿ ಹಾಡುವವರೇ ನೂರು. ನೂರು ಮಕ್ಕಳು ಒಟ್ಟಿಗೆ ಬಾಯಿ ತೆರೆದಾಗ ಎಲ್ಲಿ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಮೊದಲೇ ಗೊತ್ತಿರಬೇಕು. ಒಂದು ಧಾಟಿ ಗೊತ್ತು ಮಾಡುವುದು ಅಷ್ಟಕ್ಕೇ. ಇದನ್ನೇ ನಾವು ಯಾರ ಸಂಗೀತ ಮೇಲು ಎಂಬ ತೀರ್ಪು ಅಂದುಕೊಂಡು ಇಷ್ಟು ವರ್ಷ ಬಡಿದಾಡಿದೆವು. ಅನಂತಸ್ವಾಮಿಯವರ ಧಾಟಿ ಆರಿಸಿದ್ದರಿಂದ ಅಶ್ವತ್ಥರ ಧಾಟಿ ಒಂದು ಸ್ವರವೂ ಸಣ್ಣದಾಗಲಿಲ್ಲ. ಬೆಳಗಿನ ಪ್ರಾರ್ಥನೆಗೆ ಅದು ಬೇಕಾಗಲಿಲ್ಲ, ಅಷ್ಟೇ.

ಇದನ್ನು ದೊಡ್ಡಮ್ಮನಿಗೆ ಹೇಳಿದೆ. "ಅಷ್ಟು ಹೇಳೋಕೆ ಹದಿನೆಂಟು ವರ್ಷ ಬೇಕಾಯ್ತಾ ಅವ್ರಿಗೆ?" ಎಂದರು. "ಆರು ಶನಿವಾರದೋರೇ ವಾಸಿ."

ಆಸ್ಕರ್ ಗಲಾಟೆಯೂ ಇದೇ ಗೊಂದಲದ ತಂಗಿ. ನಮ್ಮ ಫಿಲ್ಮ್ ಫೆಡರೇಷನ್ ಪ್ರತಿ ವರ್ಷ ಸಮಿತಿ ಮಾಡಿ ದೇಶದ ಪರವಾಗಿ ಒಂದು ಸಿನಿಮಾ ಕಳಿಸುತ್ತದೆ. 2022ರಲ್ಲಿ ಆ ಸಮಿತಿಗೆ ನಮ್ಮ ಟಿ.ಎಸ್. ನಾಗಾಭರಣ ಅಧ್ಯಕ್ಷರು. ಅವರು ಆರಿಸಿದ್ದು ಗುಜರಾತಿಯ 'ಛೆಲ್ಲೋ ಶೋ'. 'ಆರ್‌ಆರ್‌ಆರ್' ಯಾಕಿಲ್ಲ ಎಂದು ದೇಶವೆಲ್ಲ ಕೂಗಾಡಿತು. ಮುಂದಿನ ಮಾರ್ಚಿನಲ್ಲಿ ಕೀರವಾಣಿ ಸಂಗೀತದ, ಚಂದ್ರಬೋಸ್ ಬರೆದ 'ನಾಟು ನಾಟು' ಹಾಡಿಗೆ ಆಸ್ಕರ್ ಬಂದೇಬಿಟ್ಟಿತು. ನೋಡಿದಿರಾ, ಸಮಿತಿಗೆ ಬುದ್ಧಿಯಿಲ್ಲ ಎಂದು ಮತ್ತೆ ಕೂಗು. ಆದರೆ ದೇಶದ ಹೆಸರಿನಲ್ಲಿ ಹೋಗುವುದು ಪರದೇಶದ ಸಿನಿಮಾ ವಿಭಾಗಕ್ಕೆ ಮಾತ್ರ. ಹಾಡಿನ ವಿಭಾಗದಲ್ಲಿ ದೇಶದ ಚೀಟಿ ಕೇಳುವುದೇ ಇಲ್ಲ. ಸಮಿತಿ ಆ ಹಾಡನ್ನು ಆರಿಸಲೂ ಇಲ್ಲ, ತಡೆಯಲೂ ಇಲ್ಲ. ಬೈಗುಳವನ್ನು ಮಾತ್ರ ಪೂರ್ತಿಯಾಗಿ ತಿಂದಿತು.

"ಅದೆಲ್ಲ ಇರ್ಲಿ," ಎಂದರು ದೊಡ್ಡಮ್ಮ, ಸೆರಗು ಸಿಕ್ಕಿಸಿಕೊಂಡು. "ಈಗ ಊರೂರಿಂದ ಒಂದೊಂದು ಹಾಡು ಕಳಿಸಿ ಅಂದ್ರೆ ದೇವನೂರಿಂದ ಏನು ಕಳಿಸ್ತೀಯ?"

"ಲಕ್ಷ್ಮೀಶನ ಪದ್ಯ. ಇನ್ನೇನು? ಲಕ್ಷ್ಮೀಕಾಂತನ ಗುಡಿ ಇಲ್ಲೇ ಇದೆ, ಕವಿ ಇಲ್ಲಿಯೋನೇ."

"ಅದು ನೀನು ಹೇಳೋದು. ಸುರಪುರದ ಕಡೆಯೋರೂ ಲಕ್ಷ್ಮೀಶ ನಮ್ಮೋನೇ ಅಂತಾರಂತಲ್ಲ."

ಅದು ಇದ್ದದ್ದೇ. ಕವಿ ತನ್ನ ಊರನ್ನು ದೇವಪುರ ಎಂದು ಹೇಳಿಕೊಂಡ, ಸುರಪುರದ ಸೀಮೆಯಲ್ಲೂ ಒಂದು ದೇವಾಪುರ ಇದೆ. ಹೀಗಾಗಿ ಪಂಡಿತರಿಗೆ ಒಂದಷ್ಟು ಕಾಲ ಕೈತುಂಬ ಕೆಲಸ ಸಿಕ್ಕಿತು. ನಾನು ದೇವನೂರಿನ ಪರ ವಾದ ಮಂಡಿಸಲು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ದೊಡ್ಡಮ್ಮ ಸಮಿತಿಯನ್ನೇ ರಚಿಸಿಬಿಟ್ಟರು. ತಾವು ಅಧ್ಯಕ್ಷೆ, ನಾನು ಕಾಗದ ಬರೆಯುವವನು. ಹಾಡು, ಅವರು ತಮ್ಮ ಅತ್ತೆಯಿಂದ ಕಲಿತ ಸೋಬಾನೆ ಪದ. ಹಾಡುವವರೂ ಅವರೇ.

"ಸಮಿತೀಲಿ ಇದ್ದೋರು ತಮ್ಮ ಹಾಡನ್ನೇ ಆರಿಸಂಗಿಲ್ಲ ದೊಡ್ಡಮ್ಮ."

"ಯಾಕೆ? ನನಗಿಂತ ಚೆನ್ನಾಗಿ ಆ ಪದ ಗೊತ್ತಿರೋರು ಯಾರವ್ರೆ ಇಲ್ಲಿ?"

ಉತ್ತರ ಇರಲಿಲ್ಲ. ಬೇರೆ ದಾರಿ ಹಿಡಿದೆ. "ಆ ಯೂರೋಪಿನ ಸ್ಪರ್ಧೇಲಿ ಒಂದು ಕಟ್ಟಳೆ ಐತೆ. ಯಾವ ದೇಶದೋರೂ ತಮ್ಮ ದೇಶಕ್ಕೆ ಓಟು ಹಾಕಂಗಿಲ್ಲ. ಬೇರೆಯೋರ ಹಾಡಿಗೇ ಕೊಡ್ಬೇಕು. ಒಳ್ಳೇದಕ್ಕೆ ಹನ್ನೆರಡು, ಅದರ ಕೆಳಗಿನದಕ್ಕೆ ಹತ್ತು, ಆಮೇಲೆ ಎಂಟು, ಏಳು, ಹಿಂಗೆ ಒಂದರವರೆಗೆ."

ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಹಂಗಾದ್ರೆ ಸುರಪುರದೋರು ನಮಗೆ ಓಟು ಹಾಕ್ತಾರಾ?"

"ನಾವು ಅವ್ರಿಗೆ ಹಾಕ್ತೀವಾ?"

"ಅವ್ರೂ ಲಕ್ಷ್ಮೀಶಂದೇ ಹಾಡ್ತಾರಲ್ಲ. ಹಾಕ್ದೆ ಹೆಂಗಿರೋದು?" ಎಂದರು. ಗುದ್ದಲಿ ಎತ್ತಿಕೊಂಡು ಪಾತಿಯ ಕಡೆ ತಿರುಗಿದವನನ್ನು ಮತ್ತೆ ಕೂಗಿ ಕರೆದರು. "ಆದ್ರೆ ಹನ್ನೆರಡು ಬೇಡ ಕಣಪ್ಪ. ಹತ್ತು ಬರ್ಕೋ."