ಗ್ರೂಪ್ ಮೇಷ್ಟ್ರು

ಇಂಥವರು ಈಗ ಹೋಬಳಿಗೊಬ್ಬರಾದರೂ ಸಿಗುತ್ತಾರೆ. ಅಂಗಿ ಜೇಬಿನಲ್ಲಿ ಸೀಮೆಸುಣ್ಣ, ಪ್ಯಾಂಟಿನ ಜೇಬಿನಲ್ಲಿ ಪವರ್ ಬ್ಯಾಂಕ್. ಹಾಜರಿ ಕೂಗುವ ಮೊದಲು ನೆಟ್‌ವರ್ಕ್ ಎಷ್ಟು ಕಡ್ಡಿ ಇದೆ ಎಂದು ನೋಡಿಕೊಳ್ಳುತ್ತಾರೆ. ಮಳೆ ಬಂದರೆ ಜಲಚಕ್ರದ ವಿಡಿಯೊ, ಹಾವು ಬಂದರೆ ಸರೀಸೃಪಗಳ ವಿಡಿಯೊ, ಸಾಹೇಬರು ಬಂದರೆ ಇಷ್ಟೂ ವಿಡಿಯೊಗಳದ್ದು ಸೇರಿಸಿ ಇನ್ನೊಂದು ವಿಡಿಯೊ. ನನಗೆ ಸಿಕ್ಕವರು ಆವತಿ ಕಡೆಯ ಒಂದು ಶಾಲೆಯವರು. ನಿಜ ಹೇಳಬೇಕೆಂದರೆ ನಾನೇ ಅವರ ಕೈಗೆ ಸಿಕ್ಕಿದ್ದು. ಅವರು ಓದಿಸಬೇಕಾದದ್ದು ನನ್ನ ಮಗಳನ್ನು. ಫೋನು ಮಾತ್ರ ನನ್ನದು.

ಈ ತಳಿ ಬಲಿತದ್ದು 2020ರಲ್ಲಿ. ಶಾಲೆಗಳಿಗೆ ಬೀಗ ಬಿದ್ದಿತ್ತು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸೇತುಬಂಧ’ ಪಾಠ ಶುರುವಾಯಿತು. ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು: ಸ್ಮಾರ್ಟ್‌ಫೋನ್ ಇರುವ ಮಕ್ಕಳು, ಬರೀ ಮಾತಾಡುವ ಫೋನಿರುವವರು, ಏನೂ ಇಲ್ಲದವರು ಎಂದು ಮೂರು ಪಾಲು ಮಾಡಿ, ಮೇಷ್ಟ್ರುಗಳೇ ಊರೊಳಗೆ ಹೋಗಿ ಗುಡಿಯ ಜಗಲಿ, ಅರಳಿಕಟ್ಟೆಗಳ ಮೇಲೆ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಸೋಂಕಿಗೆ ಹೆದರಿ ಅದನ್ನು ನಿಲ್ಲಿಸಿದರು. ಯಾರೂ ನಿಲ್ಲಿಸದೆ ಹೋದದ್ದು ವಾಟ್ಸಾಪ್ ಗ್ರೂಪನ್ನು. ಶಾಲೆ ತೆರೆಯಿತು, ಮಾಸ್ಕ್ ಹೋಯಿತು, ಮಗಳು ಬೆಂಚಿನ ಮೇಲೆ ಕೂತು ಕಣ್ಣಾರೆ ಬೋರ್ಡು ನೋಡತೊಡಗಿದಳು. ಆನ್‌ಲೈನ್ ತರಗತಿಯಲ್ಲಿ ಉಳಿದುಕೊಂಡವನು ನಾನೊಬ್ಬ.

ಬೆಳಗಿನ ಐದೂವರೆಗೆ ಸುಭಾಷಿತ. ಆರಕ್ಕೆ ಒಗಟು. ಏಳಕ್ಕೆ, ನಿನ್ನೆಯ ಹೋಂವರ್ಕ್ ಕಳಿಸದವರ ಪಟ್ಟಿ. ಪಟ್ಟಿಯಲ್ಲಿ ಮಕ್ಕಳ ಹೆಸರಲ್ಲ, ನಮ್ಮ ಹೆಸರು. ‘ನೋಡಿದ್ದೀರಿ, ಉತ್ತರಿಸಿಲ್ಲ’ ಎಂದು ನೀಲಿ ಗೀಟಿನ ಸಾಕ್ಷಿ ಸಮೇತ ಹಿಡಿಯುತ್ತಿದ್ದರು. ನೀಲಿ ಗೀಟು ಬೀಳದಂತೆ ಗ್ರೂಪ್ ತೆರೆಯದೆ ನೋಟಿಫಿಕೇಶನ್ನಿನಲ್ಲೇ ಓದಿಕೊಳ್ಳತೊಡಗಿದೆ. ಮರುದಿನವೇ ‘ಸಂದೇಶ ಓದಿದವರು ಹೆಬ್ಬೆಟ್ಟು ಒತ್ತಿ’ ಎಂದು ಆಜ್ಞೆಯಾಯಿತು. ಡಿಗ್ರಿ ಮುಗಿಸಿದ ನಾನು ದೇವನಹಳ್ಳಿ ಬಸ್ಸಿನಲ್ಲಿ ಕಂಬಿಗೆ ನೇತುಬಿದ್ದು ಹೆಬ್ಬೆಟ್ಟು ಒತ್ತಿದ್ದೇನೆ. ಒಮ್ಮೆ ‘ಬೆಟ್ಟದಾವರೆ ಯಾವ ಸಂಧಿ?’ ಎಂದು ಕೇಳಿದ್ದಕ್ಕೆ ಎಲ್ಲರಿಗಿಂತ ಮೊದಲು ‘ಆದೇಶ ಸಂಧಿ’ ಎಂದು ಬರೆದೆ. ನಕ್ಷತ್ರದ ಸ್ಟಿಕ್ಕರ್ ಬಂತು. ಆಫೀಸಿನಲ್ಲಿ ಪಕ್ಕದ ಮೇಜಿನವರಿಗೂ ತೋರಿಸಿದೆ. ಸಂಜೆ ಮಗಳು, ‘ಅಪ್ಪಾ, ಅದು ನನಗೆ ಕೊಟ್ಟಿದ್ದು’ ಅಂದಳು. ಎಷ್ಟು ಸಂಕಟವಾಯಿತೆಂದು ಹೇಳಿಕೊಳ್ಳುವ ಹಾಗಿಲ್ಲ.

ಅವರ ಅತಿರೇಕಗಳಲ್ಲಿ ನನ್ನನ್ನು ಹೆಚ್ಚು ಸುಸ್ತು ಮಾಡಿದ್ದು ಭಾನುವಾರದ ‘ತಪ್ಪು ಹುಡುಕಿ’. ಬೇಕೆಂದೇ ಒಂದು ಸುಳ್ಳು ಸೇರಿಸಿ ಫಾರ್ವರ್ಡಿನ ಹಾಗೆ ಕಾಣುವ ಸಂದೇಶ ಬಿಡುವುದು, ಮಕ್ಕಳು ಅದನ್ನು ಹೆಕ್ಕುವುದು. ಆಲೋಚನೆ ಚೆನ್ನಾಗಿಯೇ ಇತ್ತು, ಅಲ್ಲಗಳೆಯಲಾರೆ. ಒಂದು ಭಾನುವಾರ ಊರಿನದೇ ಚರಿತ್ರೆ ಎತ್ತಿಕೊಂಡರು. ‘ಕಂಚಿ ಸೀಮೆಯಿಂದ ಬಂದ ರಣಭೈರೇಗೌಡರು ಆವತಿ ನಾಡಪ್ರಭುಗಳ ಮೂಲಪುರುಷರು. ದೇವನಹಳ್ಳಿ ಕೋಟೆಯನ್ನು 1501ರಲ್ಲಿ ಕೆಂಪೇಗೌಡರು ಕಟ್ಟಿಸಿದರು. 1537ರಲ್ಲಿ ಬೆಂಗಳೂರು ಕಟ್ಟಿದವರೂ ಅವರೇ. ಇದರಲ್ಲಿ ತಪ್ಪು ಯಾವುದು?’

ಒಬ್ಬ ಹುಡುಗ ಧ್ವನಿಸಂದೇಶ ಹಾಕಿದ: ‘ಸಾ, ಕೆಂಪೇಗೌಡ್ರು ಹುಟ್ಟಿದ್ದೇ 1510ರಲ್ಲಿ. ಹುಟ್ಟಕ್ಕೆ ಮುಂಚೆ ಕ್ವಾಟೆ ಹೆಂಗ್ ಕಟ್ಟುಸ್ತಾರೆ?’ ಮೇಷ್ಟ್ರಿಗೆ ಆನಂದಬಾಷ್ಪ. ಮಣ್ಣಿನ ಕೋಟೆ ಕಟ್ಟಿಸಿದವರು ಮಲ್ಲಭೈರೇಗೌಡರು, ಕಲ್ಲಿನದಾದದ್ದು ಮುಂದೆ ಹೈದರಾಲಿಯ ಕಾಲದಲ್ಲಿ, ಎಂದೆಲ್ಲ ವಿವರಿಸಿದರು. ಪಾಠ ಮುಗಿಯಿತು. ಸುಳ್ಳು ಆಗತಾನೇ ಚಪ್ಪಲಿ ಮೆಟ್ಟುತ್ತಿತ್ತು.

ಯಾರೋ ಪುಣ್ಯಾತ್ಮರು ಕೊನೆಯ ಪ್ರಶ್ನೆಯನ್ನು ಕತ್ತರಿಸಿ, ಎರಡು ಗುಲಾಬಿ, ಒಂದು ಕೈಮುಗಿದ ಚಿತ್ರ ಸೇರಿಸಿ ಸಂದೇಶವನ್ನು ಊರ ಮೇಲೆ ಬಿಟ್ಟರು. ಫಾರ್ವರ್ಡುಗಳಿಗೆ ಕಡಿವಾಣವೇನೋ ಇದೆ: 2018ರಿಂದ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ, 2020ರ ಏಪ್ರಿಲ್‌ನಿಂದ ಬಹಳ ಸುತ್ತಿ ಬಂದದ್ದಾದರೆ ಒಂದೇ ಕಡೆ. ಸುಳ್ಳಿಗೆ ಒಂದು ಬಾಗಿಲು ಸಾಕು. ಅದೇ ವಾರ ಚಿಕ್ಕಬಳ್ಳಾಪುರದ ನನ್ನ ಭಾಮೈದನಿಂದ ನನಗೆ ಬಂತು, ಜೋಡಿ ಬಾಣದ ಗುರುತಿನೊಡನೆ. ‘ಇದು ತಪ್ಪು, ನಮ್ಮ ಮೇಷ್ಟ್ರೇ ಬೇಕಂತ ಬರೆದದ್ದು’ ಎಂದೆ. ‘ನಿಮ್ ಮೇಷ್ಟ್ರಿಗೇನ್ ಗೊತ್ತು ಬುಡಿ ಭಾವ, ಇದು ವಾಟ್ಸಾಪಲ್ಲೇ ಬಂದದೆ’ ಎಂದ. ಸಾಲದ್ದಕ್ಕೆ, ಬರೆದ ಮೇಷ್ಟ್ರಿಗೇ ಅವರ ಅತ್ತೆ ಮನೆಯವರು ಅದನ್ನು ಕಳಿಸಿ, ‘ಮಕ್ಕಳಿಗೆ ಇಂಥದ್ದೆಲ್ಲ ಹೇಳಿಕೊಡಿ’ ಎಂದು ಬುದ್ಧಿ ಹೇಳಿದ್ದರು.

ಬೇರೆಯವರಾಗಿದ್ದರೆ ಆ ಆಟವನ್ನೇ ಬಿಡುತ್ತಿದ್ದರು. ಇವರು ತಾವು ಬರೆದದ್ದನ್ನೂ ಹಿಂದಿರುಗಿ ಬಂದದ್ದನ್ನೂ ಪ್ರಿಂಟ್ ತೆಗೆಸಿ ತರಗತಿಯ ಗೋಡೆಗೆ ಅಕ್ಕಪಕ್ಕ ಅಂಟಿಸಿದರು. ‘ನಿಮಗೆ ಯಾರು ಕಳಿಸಿದ್ದು?’ ಎಂದು ಮಕ್ಕಳ ಕೈಯಲ್ಲಿ ಬಂಧುಬಳಗಕ್ಕೆಲ್ಲ ಫೋನ್ ಮಾಡಿಸಿ ಸುಳ್ಳು ನಡೆದ ದಾರಿಯ ನಕ್ಷೆ ಬರೆಸಿದರು. ಆವತಿಯಿಂದ ವಿಜಯಪುರ, ಅಲ್ಲಿಂದ ಶಿಡ್ಲಘಟ್ಟ, ನಡುವೆ ಹೊಸಕೋಟೆಗೊಂದು ಕವಲು, ಕೊನೆಗೆ ಚಿಕ್ಕಬಳ್ಳಾಪುರ. ಆ ಫೋನುಗಳೂ ನನ್ನ ರೀಚಾರ್ಜಿನಲ್ಲೇ ಹೋದವೆನ್ನಿ. ಆದರೂ ಆ ನಕ್ಷೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ಮಲೆನಾಡಿನವರಾದ್ದರಿಂದ ಅವರಿಗೆ ನಮ್ಮ ಕಡೆಯ ಕಸುಬು ಗೊತ್ತಿರಲಿಲ್ಲ. ಒಂದು ರಾತ್ರಿ ಹುಡುಗನೊಬ್ಬನ ತಾಯಿ ಗ್ರೂಪಿನಲ್ಲಿ, ‘ಸಾ, ನಾಕ್ನೇ ಜ್ವರ ಎದ್ದವೆ, ಸೊಪ್ಪು ತರಕ್ಕೇ ವೊತ್ತಾಯ್ತದೆ, ಓಂವರ್ಕು ಆಮ್ಯಾಕೆ’ ಅಂದರು. ಮೇಷ್ಟ್ರು ಗಾಬರಿಯಿಂದ ಉದ್ದಕ್ಕೆ ಬರೆದರು: ನಾಲ್ಕನೇ ಸಲ ಜ್ವರವೆಂದರೆ ಸಾಮಾನ್ಯವಲ್ಲ, ಸೊಪ್ಪಿನ ಔಷಧಿ ನಿಲ್ಲಿಸಿ, ಕೂಡಲೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಬಂದ ಉತ್ತರ: ‘ಯಾರ್ನ ಸಾ? ರೇಸ್ಮೆ ಉಳಾನಾ?’ ಗ್ರೂಪಿನಲ್ಲಿ ಅಷ್ಟು ನಗು ಹಿಂದೆಂದೂ ಹರಿದಿರಲಿಲ್ಲ.

ಅವಮಾನವನ್ನೂ ಪಾಠ ಮಾಡಿಬಿಡುವ ಚಟ ಅವರದು. ಮರುದಿನವೇ ಆ ತಾಯಿಗೆ ‘ನೀವೇ ಹೇಳಿಕೊಡಿ ಅಮ್ಮಾ’ ಅಂದರು. ಹುಳು ಪೊರೆ ಕಳಚುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಇರುವುದೇ ಜ್ವರ; ಹಾಗೆ ನಾಲ್ಕು ಸಲ; ನಾಲ್ಕನೆಯದು ಎದ್ದ ಮೇಲೆ ಮೇವಿಗೆ ಬೀಳುವ ಹಸಿವು; ಆಮೇಲೆ ಹಣ್ಣಾಗಿ ಚಂದ್ರಿಕೆಗೆ ಹತ್ತುವುದು. ಹುಳು ಮನೆಯ ಕತ್ತಲಲ್ಲಿ ಮಗ ಫೋನ್ ಹಿಡಿದಿದ್ದಾನೆ, ಆ ತಾಯಿ ಸೊಪ್ಪು ಹಾಕುತ್ತಲೇ ಮಾತಾಡುತ್ತಾರೆ, ಹಿಂದೆ ಸಾವಿರಾರು ಬಾಯಿ ಎಲೆ ತಿನ್ನುವ ಚರಚರ. ಮೇಷ್ಟ್ರು ಒಂದು ಮಾತೂ ಆಡದ ವಿಡಿಯೊ ಅದೊಂದೇ. ಅವರು ಹಾಕಿದ್ದರಲ್ಲೆಲ್ಲ ಅದೇ ಮೇಲು. ಅವರ ಸ್ವಂತ ವಿಡಿಯೊಗಳಲ್ಲಿ ಅರ್ಧ ಪಾಠವನ್ನು ಏರ್‌ಪೋರ್ಟಿನ ವಿಮಾನಗಳು ನುಂಗುತ್ತಿದ್ದವು. ಅದಕ್ಕೂ ಬಗ್ಗದೆ, ‘ಮಕ್ಕಳೇ, ಇದು ಶಬ್ದಮಾಲಿನ್ಯ’ ಎಂದು ಪಾಠ ಬದಲಾಯಿಸಿಬಿಡುತ್ತಿದ್ದರು.

ಮೇಲಿನವರ ಗ್ರೂಪುಗಳು ಬೇರೆ. ಹಾಲು ಕುಡಿಸಿದ ಫೋಟೊ, ಮೊಟ್ಟೆ ಕೊಟ್ಟ ಫೋಟೊ, ಗಿಡ ನೆಟ್ಟ ಫೋಟೊ. ಗಿಡಕ್ಕಿಂತ ಹೆಚ್ಚು ಜನ ಫೋಟೊದಲ್ಲಿ.

ತರಗತಿಯಲ್ಲಿ ಫೋನೇ ಇಲ್ಲದ ಮನೆಯ ಮಕ್ಕಳೂ ಇದ್ದರು. ಫ್ಯಾಕ್ಟರಿಗೆ ಹೋಗುವ ಅಪ್ಪನ ಜೊತೆ ಫೋನೂ ಹೋಗುತ್ತಿದ್ದ ಮನೆಗಳು ಇನ್ನೂ ಹೆಚ್ಚು. ಗ್ರೂಪಿಗೆ ಹಾಕಿದ ಒಗಟು, ಲೆಕ್ಕ, ‘ತಪ್ಪು ಹುಡುಕಿ’ ಎಲ್ಲವನ್ನೂ ಪ್ರಾರ್ಥನೆಗೆ ಮೊದಲೇ ಮೇಷ್ಟ್ರು ಬೋರ್ಡಿನ ಮೇಲೆ ಕೈಯಾರೆ ಬರೆದಿಡುತ್ತಿದ್ದರಂತೆ. ನಗುವ ಮುಖವನ್ನೂ ಸೀಮೆಸುಣ್ಣದಲ್ಲಿ ಬಿಡಿಸುತ್ತಿದ್ದರಂತೆ. ಇದು ನನಗೆ ತಿಳಿದದ್ದು ಮಗಳಿಂದ, ಬಹಳ ತಡವಾಗಿ. ಮೊದಲೇ ತಿಳಿದಿದ್ದರೆ ಐದೂವರೆಯ ಸುಭಾಷಿತಗಳಿಗೆ ಅಷ್ಟು ಶಪಿಸುತ್ತಿರಲಿಲ್ಲವೇನೋ. ಗ್ಯಾರಂಟಿ ಕೊಡಲಾರೆ.

ವರ್ಗಾವಣೆ ಕೌನ್ಸೆಲಿಂಗಿನಲ್ಲಿ ಅವರಿಗೆ ಊರ ಕಡೆ ಜಾಗ ಸಿಕ್ಕಿತು. ಬೀಳ್ಕೊಡುಗೆ ದಿನ ಶಾಲು ಹೊದಿಸಿದೆವು, ಹೆಂಗಸರು ಕಣ್ಣೊರೆಸಿಕೊಂಡರು, ಇನ್ನು ಬೆಳಗಿನ ನಿದ್ದೆ ನನ್ನದು ಎಂದುಕೊಂಡೆ. ಹೊಸ ಮೇಷ್ಟ್ರು ಹೊಸ ಗ್ರೂಪು ಮಾಡಿದರು. ಹಳೆಯ ಗ್ರೂಪಿನಿಂದ ಹಳೆಯ ಮೇಷ್ಟ್ರು ಹೊರಗೆ ಹೋಗಲಿಲ್ಲ. ಹೋಗಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ, ಅಡ್ಮಿನ್ನೂ ಅವರೇ. ಈಗ ಅಲ್ಲಿನ ಮಕ್ಕಳನ್ನೂ ಸೇರಿಸಿದ್ದಾರೆ. ಅವರು ಅಡಿಕೆ ಸುಲಿಯುವ ವಿಡಿಯೊ ಹಾಕಿದರೆ ನಾವು ಗೂಡು ಬಿಡಿಸುವ ವಿಡಿಯೊ ಹಾಕಬೇಕು. ನಿನ್ನೆ ರಾತ್ರಿ ಕೇಳಿದ್ದಾರೆ: ದೇವನಹಳ್ಳಿ ಚಕೋತದ ಹೂವಿನ ಫೋಟೊ ಬೇಕು, ಬೆಳಗಿನೊಳಗೆ. ‘ಈಗ ಹೂ ಬಿಟ್ಟಿಲ್ಲ ಸಾರ್’ ಎಂದು ಬರೆದೆ.

‘ಪರವಾಗಿಲ್ಲ, ಯಾಕೆ ಬಿಟ್ಟಿಲ್ಲ ಅನ್ನೋದನ್ನ ಗಿಡದ ಪಕ್ಕ ನಿಂತು ಹೇಳಿ, ವಿಡಿಯೊ ಕಳಿಸಿ. ಮಗಳಲ್ಲ, ನೀವೇ.’